ಏಡಿಯ ನಕಾಶೆ

ನಯಾಜ್ ತಂದುಕೊಟ್ಟ ಹಾಳೆ
ಮೊದಲು ನನಗೆ ಗ್ರಾಮ ನಕಾಶೆಯಂತೆ ಕಂಡಿತು.
ಕೆಂಪು ಗೆರೆ, ನೀಲಿ ಗೆರೆ,
ಮೂರು ಮೂಲೆಯ ತುಂಡು ಹೊಲಗಳು,
ಒಂದಕ್ಕೂ ಸರ್ವೆ ನಂಬರಿಲ್ಲ.
ಹದಿನೆಂಟು ವರ್ಷ ಚಿಂತಾಮಣಿಯ ಸರ್ವೆ ಆಫೀಸಿನಲ್ಲಿ
ಗೆರೆ ಓದಿಯೇ ಅನ್ನ ಉಂಡವಳು ನಾನು,
"ಯಾವ ಊರಪ್ಪ ಇದು?" ಎಂದೆ.
"ಊರಲ್ಲ ಮೇಡಂ, ಏಡಿ."

ಬೈಂಡಿಂಗ್ ಬಾಬಾಜಾನರ ಮಗ, ಒಂಬತ್ತನೇ ಕ್ಲಾಸು,
ಉಗುರ ಸಂದಿಯಲ್ಲಿ ಮೈದಾ ಅಂಟು.
ಹಳೇ ರಿಜಿಸ್ಟರುಗಳಿಗೆ ಅಪ್ಪ ಬೆನ್ನು ಹೊಲಿಯುತ್ತಿರುವಾಗ
ಮಗ ನನ್ನ ಮೇಜಿನ ತುದಿಯಲ್ಲಿ ಪಾಠ ಶುರುಮಾಡಿದ:
ಕೆಂಪು ಅಂದರೆ ಬೆಟ್ಟ, ಏಣು ಮೇಲಕ್ಕೆ.
ನೀಲಿ ಕಣಿವೆ, ಒಳಕ್ಕೆ.
ಹಾಳೆ ಮಗುಚಿದರೆ ಬೆಟ್ಟವೇ ಕಣಿವೆ.

ಅಷ್ಟು ನನಗೆ ಗೊತ್ತು.
ಒಂದೇ ಬದು, ಈ ಕಡೆಯವನಿಗೆ ತಾತನ ಆಸ್ತಿ,
ಆ ಕಡೆಯವನಿಗೆ ಒತ್ತುವರಿ.

ಆದರೆ ಮೊದಲು ಯಾವುದು, ಆಮೇಲೆ ಯಾವುದು
ಹಾಳೆ ಬಾಯಿ ಬಿಡುವುದಿಲ್ಲ.
ಅಮ್ಮ ಸೀರೆ ಮಡಚುವುದಕ್ಕೂ ಒಂದು ಹಿಂದುಮುಂದು ಇತ್ತು,
ಉಂಡ ಎಲೆ ಮಡಚುವುದಕ್ಕೂ.
ಇಲ್ಲಿ ಎಲ್ಲ ಗೆರೆಗಳೂ ಒಟ್ಟಿಗೇ ಕೂಗುತ್ತವೆ
ಬೆಳಗಿನ ಟೊಮೆಟೊ ಮಂಡಿಯ ಹಾಗೆ.
ಯಾರ ದನಿ ಹಿಡಿಯಲಿ?

"ಗೆರೆ ಬಿಡಿ, ಬಯಲು ನೋಡಿ" ಅಂದ.
ಕೈವಾರದಲ್ಲಿ ಹುಟ್ಟಿದವಳು, ಕೈವಾರ ಹಿಡಿದೆ.
ನಗಲಿಲ್ಲ ಹುಡುಗ, ಈ ತಮಾಷೆ ನಮ್ಮ ಕಡೆ ತೀರಾ ಹಳತು.
ಒಂದೊಂದು ಕಾಲಿಗೆ ಒಂದೊಂದು ವೃತ್ತ,
ಕೊಂಡಿಗಳಿಗೆ ದೊಡ್ಡವು ಎರಡು.
ಕಾಲು ಎಷ್ಟುದ್ದವೋ ತ್ರಿಜ್ಯ ಅಷ್ಟೇ.
ಚಾಚಬೇಕೆನ್ನುವವನಿಗೆ ಹಾಸು ಇರಬೇಕು.
ಮತ್ತೆ, ಅಂಚು ಬಿಟ್ಟು ಒಳಗಿನ ಯಾವ ಚುಕ್ಕಿಯಲ್ಲೇ ಆಗಲಿ
ಬೆಟ್ಟಕ್ಕೂ ಕಣಿವೆಗೂ ಎರಡರದೇ ಅಂತರ.
ಎಣಿಸಿದೆ. ಐದು, ಮೂರು. ಮೂರು, ಒಂದು.
ಮತ್ತೆ ಐದು, ಮೂರು.
ಇಷ್ಟು ನಿಯತ್ತಿನ ಲೆಕ್ಕ
ನಮ್ಮಲ್ಲಿನ ಯಾವ ಪಹಣಿಯಲ್ಲೂ ನಾನು ಕಂಡವಳಲ್ಲ.

ಮೊದಲ ಹಾಳೆ ನಟ್ಟನಡುವೆ ಹರಿಯಿತು.
ಎರಡನೆಯದು ಮುದ್ದೆಯಾಯಿತು,
ಬಸ್ಸಾರಿಲ್ಲದ ಬರೀ ಮುದ್ದೆ.
ಮೂರನೆಯದಕ್ಕೆ ತೆಳ್ಳನೆಯ ಟ್ರೇಸಿಂಗ್ ಕಾಗದ ತಂದು
ಒಂದೊಂದೇ ಗೆರೆ ಉಗುರಿನಿಂದ ತೀಡಿದೆ, ಬಿಡಿಸಿದೆ,
ತೀಡಿದೆ, ಬಿಡಿಸಿದೆ,
ಯಾವುದನ್ನೂ ಪೂರ್ತಿ ಮುಚ್ಚದೆ
ಹೂಂ ಅನ್ನದ ಉಹೂಂ ಅನ್ನದ ಸ್ಥಿತಿಯಲ್ಲಿ ಇಟ್ಟೆ.
ಶನಿವಾರ ಮಧ್ಯಾಹ್ನ. ಕರೆಂಟಿಲ್ಲ.
ಕಿಟಕಿಯಲ್ಲಿ ಅಂಬಾಜಿದುರ್ಗ.
ನಾಲ್ಕು ಮೂಲೆಯಿಂದ ಮೆಲ್ಲಗೆ ಒತ್ತಿದಾಗ
ಕಾಗದ ಒಮ್ಮೆ ಉಸಿರೆಳೆದುಕೊಂಡು
ತಾನಾಗಿಯೇ ಒಳಗೆ ಹೋಯಿತು.
ನನ್ನ ಬೆರಳುಗಳು ಮಹಜರಿಗೆ ಸಹಿ ಹಾಕುವ ಪಂಚರು,
ಅಷ್ಟೇ.

ಎಣಿಸಿದರೆ ಒಂಬತ್ತು.
ಒಂದು ಕಾಲು ಇಲ್ಲ.

ಸೋಮವಾರ ನಯಾಜ್ ಅದನ್ನು ಬೆಳಕಿಗೆ ಹಿಡಿದ.
"ಎಲ್ಲೂ ಹೋಗಿಲ್ಲ ಮೇಡಂ, ಒಳಗೇ ಕೂತಿದೆ.
ಒಂದು ಬೆಟ್ಟಾನ ಕಣಿವೆ ಅಂತ ಓದಿದ್ದೀರ."

ಅವತ್ತು ಸಂಜೆ ರೆಕಾರ್ಡ್ ರೂಮಿಗೆ ಬೀಗ ಹಾಕುವ ಮುಂಚೆ
ಮಾದಲಹಳ್ಳಿಯ ನಕಾಶೆ ಬಿಚ್ಚಿದೆ.
ಬಟ್ಟೆಗೆ ಅಂಟಿಸಿದ ಕಾಗದ, ಎಂಬತ್ತು ವರ್ಷದಿಂದ
ಎಂಟಾಗಿ ಮಡಚಿ, ಬಿಚ್ಚಿ, ಮಡಚಿ
ಮಡಿಕೆಗಳು ಕೂಡುವಲ್ಲಿ ಒಂದು ತೂತು.
ತೂತಿನ ಜಾಗದಲ್ಲಿ ಬಾವಿಯಿತ್ತು ಅನ್ನುತ್ತಾರೆ ಗಂಗುಲಪ್ಪನವರು,
ಇರಲೇ ಇಲ್ಲ ಅನ್ನುತ್ತಾರೆ ಅವರ ದಾಯಾದಿಗಳು.
ಇಬ್ಬರಿಂದ ಹದಿನಾಲ್ಕು ಅರ್ಜಿ.
ಮೊಬೈಲ್ ಬೆಳಕು ಹಿಂದಿನಿಂದ ಹಿಡಿದು ನೋಡಿದೆ,
ಇದೂ ಒಳಗೇ ಕೂತಿದೆಯೇನೋ ಅಂತ.

ಇಲ್ಲ.
ತೂತಿನಲ್ಲಿ ನನ್ನದೇ ಹೆಬ್ಬೆರಳು.

"ಇನ್ನು ಮುಂದೆ ನಕಾಶೆಗಳನ್ನು ಮಡಚತಕ್ಕದ್ದಲ್ಲ,
ಸುತ್ತಿಡತಕ್ಕದ್ದು" ಎಂದು ಟಿಪ್ಪಣಿ ಬರೆದೆ,
ತಾರೀಕು ಹಾಕಿದೆ, ಸಹಿ ಹಾಕಿದೆ,
ಕೈಗೆ ಅಂಟಿದ ಚಾಳಿ, ಏನು ಮಾಡಲಿ,
ನೀಟಾಗಿ ನಾಲ್ಕಾಗಿ ಮಡಚಿದೆ.