ಒತ್ತು

ದೆಬ್ರೆ ಬಿರ್ಹಾನಿನ ಬೆಳಗಿನ ಚಳಿಗೆ
ಸ್ವಂತ ಬೆರಳೂ ಯಾರದೋ ಅನ್ನಿಸುತ್ತದೆ.
ಚಹದಂಗಡಿಯ ಸ್ಟೌವ್ ಹಚ್ಚಿ ಕೈ ಕಾಯಿಸಿಕೊಂಡು
ಆಮೇಲೆ ಮೊಬೈಲು ಎತ್ತಿಕೊಂಡಳು ವುಬಾಲೆಮ್.
ಹನ್ನೆರಡು ಗುಂಡಿಯ ಫೋನು, ಐದು ಸವೆದು ಬೋಳಾಗಿದೆ.
ಅದರಲ್ಲೊಂದು ಸಂದೇಶ, ರಾತ್ರಿ ಎಂಟರದ್ದು
(ಅಲ್ಲಿನ ಎಂಟು ಅಂದರೆ ನಟ್ಟಿರುಳು)
ಅವಾಶ್‌ನಿಂದ ತಂಗಿ ಕಳಿಸಿದ್ದು:

ದೆಮೆಲಾಶ್ ಮೆತ.

ಅಷ್ಟೇ. ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ.

ಮೆತ ಅಂದರೆ ಬಂದ.
ಮೆತ ಅಂದರೆ ಹೊಡೆದ.
ಅವರ ಬರಹದಲ್ಲಿ ಎರಡಕ್ಕೂ ಬೇರೆ ಬೇರೆ ತ.
ಒಂದು, ನಾಲಗೆ ಹಲ್ಲಿಗೆ ತಾಗಿ ಸುಮ್ಮನೆ ಕೂರುವ ತ.
ಇನ್ನೊಂದಕ್ಕೆ ಗಂಟಲ ಬಾಗಿಲು ಹಾಕಿ
ಉಸಿರು ಕಟ್ಟಿ, ಪಟ್ಟನೆ ಬಿಡಬೇಕು,
ಬಾಣಲೆಯಲ್ಲಿ ಬಾರ್ಲಿ ಸಿಡಿದ ಹಾಗೆ.

ಇಗರ್ಜಿಯ ಅಂಗಳದಲ್ಲಿ ಅಕ್ಕತಂಗಿ ಒಂದೇ ಕಲ್ಲಿನ ಮೇಲೆ ಕೂತು
ರಟ್ಟಿನ ಮೇಲಿನ ಕಾಗುಣಿತ ಕೂಗಿದ್ದರು
ತೆ ತು ತಿ ತಾ ತೇ ತ್ ತೋ
ಸಾಲಿಗೆ ಏಳರಂತೆ ಮೂವತ್ತಮೂರು ಸಾಲು.
ತ ತಪ್ಪಿದರೆ ಮೆರಿಗೇತಾ ಅಸ್ರಾತ್
ಬೆತ್ತದ ತುದಿಯನ್ನು ಗಂಟಲಿಗೆ ಮುಟ್ಟಿಸಿ
‘ಇಲ್ಲಿಂದ, ಮಗೂ, ಇಲ್ಲಿಂದ’ ಅನ್ನುತ್ತಿದ್ದರು.

ಫೋನಿಗೆ ಗಂಟಲಿಲ್ಲ.
ಆರನ್ನು ಒಂದು ಸಲ, ಮೂರನ್ನು ಎರಡು ಸಲ,
ಎಂಟು ಒಮ್ಮೆ, ಎರಡು ಒಮ್ಮೆ.
ಬಂದರೂ ಐದು ಸಲ, ಹೊಡೆದರೂ ಐದೇ ಸಲ.
ಗುಂಡಿಗೆ ಒತ್ತಿಸಿಕೊಳ್ಳುವುದು ಗೊತ್ತು,
ಮಾತಿನ ಒತ್ತು ಗೊತ್ತಿಲ್ಲ.

‘ಯಾವ ತ?’ ಎಂದು ಬರೆದಳು.
ಕಳಿಸುವ ಮೊದಲು ಹೊಳೆಯಿತು:
ಉತ್ತರವೂ ಎಂಟರ ಗುಂಡಿಯಿಂದಲೇ ಬರಬೇಕು.
ಅಳಿಸಿದಳು. ಕರೆ ಮಾಡಿದಳು.
ಸಂಪರ್ಕ ಸಿಗುತ್ತಿಲ್ಲ ಎಂದಳು
ನಿದ್ದೆಗೆಟ್ಟು ಗೊತ್ತಿಲ್ಲದ ಯಾವಳೋ ಒಬ್ಬಳು.

ಚಹಾ ಕುಡಿಯುತ್ತಿದ್ದ ಹಮಾಲಿ ಗಾಶಾವ್ ಹೇಳಿದ:
‘ನಾಲ್ಕು ತಿಂಗಳಾಯ್ತಲ್ಲ ಜಿಬೂತಿಗೆ ಲಾರಿ ಒಯ್ದು,
ಬಂದಿರ್ತಾನೆ. ಹೊಡೆದದ್ದನ್ನ
ಯಾರಾದರೂ ನಡುರಾತ್ರಿ ಬರೀತಾರಾ?’
ಹುರಿಗಾಳು ಮಾರುವ ಎತಾಗೆನ್ ತಲೆಯೆತ್ತಲಿಲ್ಲ:
‘ಬಂದದ್ದನ್ನ ಬರೀತಾರಾ?’

ಸ್ಟೌವ್ ಆರಿಸಿ, ಬೀಗದ ಕೈ ಎತಾಗೆನ್ ಮಡಿಲಿಗೆ ಹಾಕಿ
ಬಸ್ಸು ಹಿಡಿದಳು.
ದಾರಿಯುದ್ದಕ್ಕೂ ಬಾಯೊಳಗೆ ಆ ತ, ಈ ತ;
ಪಕ್ಕದವನು ಬಿಕ್ಕಳಿಕೆಯೆಂದು ನೀರು ಕೊಟ್ಟ.
ಆದಿಸ್‌ನಲ್ಲಿ ಬಸ್ಸು ಬದಲಾಯಿತು. ನೀಲಗಿರಿ ಮರಗಳು ಹಿಂದಾದವು,
ಘಟ್ಟ ಇಳಿಯಿತು, ಸ್ವೆಟರು ಬಿಚ್ಚಿದಳು,
ಧೂಳು ಬಿಸಿಯಾಗಿತ್ತು.

ಸಂಜೆ ಅವಾಶ್‌ನ ಬೀದಿಯಲ್ಲಿ, ತಗಡಿನ ಗೇಟಿನೆದುರು
ಲಾರಿ ನಿಂತಿತ್ತು, ಚಕ್ರಕ್ಕೆ ಕಲ್ಲು ಕೊಟ್ಟು.
ಸದ್ಯ, ಬಂದ, ಎಂದುಕೊಂಡಳು.
ಎದೆಯ ಮೇಲಿದ್ದ ಕಲ್ಲನ್ನು ಇಳಿಸಿಯೇ ಗೇಟು ತಳ್ಳಿದಳು.

ತಂಗಿ ಕಾಫಿ ಬಗ್ಗಿಸಿದಳು, ಎಡಗೈಯಲ್ಲಿ.
ಬಲಗೈ ಶಾಲಿನೊಳಗಿಂದ ಹೊರಬರಲೇ ಇಲ್ಲ.
ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದರು.

ಬಹಳ ಹೊತ್ತಿನ ಮೇಲೆ, ಲೋಟ ನೋಡುತ್ತ ಅಂದಳು:
‘ಎರಡು ಸಲ ಬರೆದಿದ್ದೆ ಅಕ್ಕಾ. ಮೆತ, ಮೆತ.
ಒಂದೇ ಪದ ಕೈತಪ್ಪಿ ಎರಡು ಸಲ ಬಿದ್ದ ಹಾಗೆ ಕಂಡಿತು.
ಒಂದನ್ನ ಅಳಿಸಿದೆ.’