ಕೈ ಕಾಣ್ತಿಲ್ಲ

ಮಂಗಳವಾರ, ಹಾಸನದ ಸಂತೆಪೇಟೆ. ಅಂಗಡಿಯೆದುರು
ಆಲೂಗಡ್ಡೆ ಲಾರಿ ಹಿಂದಕ್ಕೆ ಬರುತ್ತಿದೆ,
‘ಬರ್ಲಿ ಬರ್ಲಿ ಬರ್ಲಿ, ಸಾಕು’ ಎನ್ನುವ ಕ್ಲೀನರನ ಗಂಟಲು.
ನಾಲ್ಕಡಿ ಅಗಲದ ನನ್ನ ಗೂಡಿನೊಳಗೆ
ಬಿಸಿಗಾಳಿಯ ಗನ್ನು, ಸ್ಪಿರಿಟ್ಟಿನ ವಾಸನೆ,
ಹೊಟ್ಟೆ ಬಿಚ್ಚಿಕೊಂಡು ಮಲಗಿದ ಒಂಬತ್ತು ಫೋನು.

ಅವಳು ಬಂದು ತನ್ನದನ್ನು ಗಾಜಿನ ಮೇಲಿಟ್ಟಳು.
ಹಳೇ ಬಿಲ್ಲಿನ ಬೆನ್ನ ಮೇಲೆ ಬರೆದಳು:
‘ವಿಡಿಯೋ ಕಾಲ್. ಮಾತು ಅರ್ಧ ಹೋಗ್ತದೆ. ಅರ್ಧ ಇಲ್ಲ.’

ಗಂಟಲು ಕಟ್ಟಿರಬೇಕು, ಅದಕ್ಕೇ ಬರೆದಳು ಎಂದುಕೊಂಡೆ.
ಮಾತು ತಾನೆ, ಮೈಕು ನೋಡೋಣ.
ಇಕ್ಕುಳ, ಸೂಜಿ, ಹಲ್ಲುಜ್ಜುವ ಬ್ರಷ್ಷು;
ಜಾಲರಿಯಿಂದ ಹೊರಬಂತು
ಗಾರ್ಮೆಂಟ್ಸಿನ ನೀಲಿ ದಾರದ ಧೂಳು,
ಒಂದು ಚಿಟಿಕೆ ರಾಗಿಹಿಟ್ಟು.
ಪಕ್ಕದ ಬಳೆ ಅಂಗಡಿಯ ಹಿದಾಯತನಿಗೆ ಕಾಲ್ ಹಚ್ಚಿ
ನಾಡೆಲ್ಲ ದಿನಕ್ಕೆ ನೂರು ಸಲ ಜಪಿಸುವ ಮಂತ್ರ ಹೇಳಿದೆ:
‘ಹಲೋ. ಹಲೋ. ಕೇಳಿಸ್ತಿದ್ಯಾ?’
‘ಕೇಳಿಸ್ತದೆ ಕಣಣ್ಣ, ಫೋನಿಲ್ದಿದ್ರೂ ಕೇಳಿಸ್ತದೆ!’

ಹೆಬ್ಬೆರಳೆತ್ತಿ ತೋರಿಸಿದೆ, ಸರಿಹೋಯ್ತು ಎಂದು.
ಅವಳು ಕಿವಿ ಮುಟ್ಟಿಕೊಂಡು
ಅಂಗೈ ಅಲ್ಲಾಡಿಸಿದಳು.
ಬಿಲ್ಲಿನಲ್ಲಿ ಉಳಿದ ಸಂದಿಯಲ್ಲೇ ಬರೆದಳು:
‘ಕೈ ಕಾಣ್ತಿಲ್ಲ. ಮಾತಾಡೋದು ಕೈ.’

ಹದಿನಾಲ್ಕು ವರ್ಷದಿಂದ ಈ ಸ್ಟೂಲಿನ ಮೇಲೆ ಕೂತಿದ್ದೇನೆ.
ದನಿ ಬರಲ್ಲ ಎಂದವರನ್ನು ಕಂಡಿದ್ದೇನೆ,
ಮುಖ ಉಲ್ಟಾ ಬರ್ತದೆ, ಮುಖ ಕಪ್ಪಗೆ ಬರ್ತದೆ,
ನನ್ನ ಮಾತು ನನಗೇ ವಾಪಸ್ ಬರ್ತದೆ ಎಂದವರನ್ನೂ.
ಮಾತು ಬೆರಳಾಗಿ ಬಂದು
ಪರದೆಯ ಅಂಚಿನಲ್ಲಿ ತುಂಡಾಗುತ್ತದೆ ಎಂದವಳು
ಇವಳೊಬ್ಬಳೇ, ಜಯಶೀಲಾ.

ಕ್ಯಾಮೆರಾ ತೆರೆದೆ. ಎಡಗಡೆ ಮಬ್ಬು, ಕರಿ ಅಂಚು.
ಉಗುರಲ್ಲಿ ಗೀರಿ ನೋಡಿ ಸುಮ್ಮನಾದೆ.
ಹೋದ ತಿಂಗಳು, ಇದೇ ಕೌಂಟರಿನಲ್ಲಿ,
ಅರವತ್ತು ರೂಪಾಯಿಗೆ ಅಂಟಿಸಿದ ಗಾಜು,
ಎಳ್ಳಿನಷ್ಟು ಓರೆ.
ಅಂಟಿಸಿದವನು ನಾನೇ.
ತಿಂಗಳಿಡೀ ಒಬ್ಬಳ ಮಾತಿಗೆ ಅಡ್ಡ ನಿಂತಿದ್ದೆ,
ಬಿಲ್ಲು ಕೊಟ್ಟು.

ಕಿತ್ತೆ. ಒಳಗೆ ಇನ್ನೊಂದಿತ್ತು:
ಡೇಟಾ ಉಳಿಸಲೆಂದು ಯಾರೋ ಒತ್ತಿಟ್ಟ ಗುಂಡಿ.
ನಮಗದು ಉಳಿತಾಯ; ಅವಳಿಗೆ
ಐದು ಬೆರಳು ಸೇರಿ ಮುದ್ದೆಯಾಗುವ ಲೆಕ್ಕ.
ಅದನ್ನೂ ಆರಿಸಿದೆ.
ಆದರೂ ಫೋನು ಹಿಡಿಯಲೊಂದು ಕೈ ಬೇಕಲ್ಲ,
ಹಿಡಿದರೆ ಅರ್ಧ ಮಾತು ಹಿಡಿದ ಹಾಗೆ.
ಸ್ಟ್ಯಾಂಡು ಖಾಲಿ, ಮಾಲು ಬರುವುದು ಶುಕ್ರವಾರ.
ಎದುರಿನ ಮೂಟೆಯಿಂದ ಉರುಳಿ ಬಂದಿದ್ದ
ಮುಷ್ಟಿ ಗಾತ್ರದ ಆಲೂಗಡ್ಡೆ ಎತ್ತಿಕೊಂಡು
ಬ್ಲೇಡಿನಲ್ಲಿ ಕೆಳಗೆ ಸಪಾಟು, ಮೇಲೊಂದು ಸೀಳು;
ನಿಂತಿತು ಫೋನು, ನೆಟ್ಟ ಹಾಗೆ.

ಕಡೂರಿನಲ್ಲಿ ಮೆಹರುನ್ನೀಸಾ ಎತ್ತಿದಳು.
ಹಿಂದೆ ಹಸಿರು ಗೋಡೆ, ಮಡಿಲಲ್ಲಿ ನಿದ್ದೆಗಣ್ಣಿನ ಮಗು.
ಜಯಶೀಲಾ ಒಂದು ಹೆಜ್ಜೆ ಹಿಂದೆ ಸರಿದು
ಟ್ಯೂಬ್‌ಲೈಟಿನ ಬೆಳಕಿಗೆ ನಿಂತಳು,
ಶುರುವಾಯಿತು.
ಏನೆಂದು ಹೇಳಲಿ? ಗೊತ್ತಾದರೆ ತಾನೆ.
ಹೊಲಿಗೆ ಮಿಷನ್ನೊಂದು ಓಡಿತು, ಗಕ್ಕನೆ ನಿಂತಿತು,
ಯಾರದೋ ದಪ್ಪ ಮೀಸೆ ಬಂದು ಬೈದು ಹೋಯಿತು,
ಸೂಪರ್‌ವೈಸರ್ ಇರಬೇಕು,
ಆ ಕಡೆಯವಳು ನಕ್ಕೂ ನಕ್ಕೂ
ಮಗುವಿನ ನೆತ್ತಿಯಲ್ಲಿ ಮುಖ ಹುದುಗಿಸಿದಳು.
ಲಾರಿ ಹಾರನ್ ಹೊಡೆಯುತ್ತಲೇ ಇತ್ತು.
ಅವರಿಬ್ಬರಿಗೆ ಅದರ ಸುದ್ದಿಯಿಲ್ಲ;
ನನಗೂ ಸ್ವಲ್ಪ ಹೊತ್ತು ಇರಲಿಲ್ಲ.

ಕೊನೆಗೆ ನನ್ನತ್ತ ಬೊಟ್ಟು ಮಾಡಿ, ಕಣತಲೆಯ ಪಕ್ಕ
ಎರಡು ಬೆರಳಲ್ಲಿ ಸ್ಕ್ರೂ ತಿರುಗಿಸಿದಳು.
ಕಡೂರಿನವಳೂ ತಿರುಗಿಸಿದಳು.
ಅವರಲ್ಲಿ ಇನ್ನು ಅದೇ ನನ್ನ ಹೆಸರಂತೆ, ಬರೆದು ತಿಳಿಸಿದಳು.
ರಿಪೇರಿಯವನು ಎಂದೋ,
ಸ್ಕ್ರೂ ಸಡಿಲ ಎಂದೋ, ಕೇಳಲಿಲ್ಲ.

ಗಾಜಿಗೆ ದುಡ್ಡು ಬೇಡವೆಂದು ಕೈಮುಗಿದೆ.
ಅವಳು ಆಲೂಗಡ್ಡೆ ಎತ್ತಿ ಹಿಡಿದು ಹುಬ್ಬೇರಿಸಿದಳು: ಎಷ್ಟು?
ನಾನು ಎರಡು ಬೆರಳೆತ್ತಿದೆ.
ಅವಳು ಕೈ ಚಾಚಿ, ಅದರಲ್ಲಿ ಒಂದನ್ನು ಮಡಿಸಿದಳು.