ಹದಿನೇಳರ ಮಗ್ಗಿ

ನನ್ನ ಗ್ರೂವ್‌ಬಾಕ್ಸಿಗೆ ಬಾಯಿ ಐತಿ, ಕಿವಿ ಇಲ್ಲ.
ಹದಿನಾರು ಗುಂಡಿ, ಹದಿನಾರು ಮೆಟ್ಟಲ,
ಡಗ್ಗ ಅಂದರ ಡಗ್ಗ, ತಿಸ್ ಅಂದರ ತಿಸ್.
ಹುಟ್ಟಿದಾಗ ಕಲತದ್ದನ್ನ ಸಾಯೋತನಕ ಹೇಳತೈತಿ,
ಎದುರಿನವರ ಮಾತು ಕೇಳಂಗಿಲ್ಲ.

ವಡಗಾವಿಯೊಳಗ ನಾ ಪಾವರ್‌ಲೂಮಿನ ಜಾಬರ್.
ಮಗ್ಗ ಕೆಟ್ಟಲ್ಲಿ ಕಣ್ಣಿಗಿಂತ ಮೊದಲ ಕಿವಿ ಒಯ್ತೇನಿ:
ಪಿಕಿಂಗ್ ಸ್ಟಿಕ್ ಸಡಲಿದರ ಒಂದು ನಮೂನಿ ಕೆಮ್ಮು,
ಬೆಲ್ಟ್ ಜಾರಿದರ ಒಂದು ನಮೂನಿ ಉಸುರು.
ನಿಮಿಷಕ್ಕ ನೂರಾ ಇಪ್ಪತ್ತು ಏಟು ಬೀಳಬೇಕು,
ಒಂದು ಕಮ್ಮಿ ಬಿದ್ದರೂ
ಅನ್ನದಾಗ ಹಳ್ಳು ಕಡದಂಗ ಆಗತೈತಿ ನನಗ.

ಮೂರನೇ ರೇಲ್ವೆ ಗೇಟಿನ ಆಚೆ ಜಿನಗೌಡ ಚೌಗುಲೆ,
ಮದುವಿಗೆ ಸ್ಪೀಕರ್ ಬಾಡಿಗಿ ಕೊಡೋ ಅಂವ,
ತಂತಿ ಹರದ ಗಿಟಾರು, ಹಲ್ಲು ಬಿದ್ದ ಕೀಬೋರ್ಡಿನ ನಡಕ
ಎರಡು ಸ್ಯಾಂಪ್ಲರ್ ಇಟ್ಟಿದ್ದ.
"ಎರಡೂ ಒಯ್ರಿ. ನಾಕು ದಿನಕ್ಕ ಒಂದು ತಂದು ಕೊಡ್ರಿ."

ಕರೇದು ಮೂವತ್ತೆಂಟು ಸಾವಿರ.
ಅಂಗೈಯಷ್ಟು ಪರದೆ, ಅದರಾಗ ದನಿಯ ಗುಡ್ಡ, ದನಿಯ ತಗ್ಗು.
ಏನು ತಿನಸಿದರೂ ತಾನ ಕತ್ತರಸತೈತಿ,
ತಾನ ಜಗ್ಗಿ ತಾಳಕ್ಕ ಕೂಡಸತೈತಿ.
ತಾಸುಗಟ್ಟಲೆ ನೆನಪು.

ಬೂದಿ ಬಣ್ಣದ್ದು ಹದಿನಾಕೂವರಿ.
ನೆನಪು ನಲವತ್ತು ಸೆಕೆಂಡ್, ಅಷ್ಟ.
ಒಳಗ ಹೋದ ದನಿ ಮೈಗೆಲ್ಲ ಉಸುಕು ಹಚಗೊಂಡು ಹೊರಗ ಬರತೈತಿ.
ಆರು ಸೆಲ್ ಹಾಕಿದರ ಕರೆಂಟ್ ಹೋದಾಗೂ ನಡೀತೈತಿ,
ವಡಗಾವ್ಯಾಗ ಇದು ಸಣ್ಣ ಮಾತಲ್ಲ.

ಮೊದಲ ರಾತ್ರಿ ಕರೇದಕ್ಕ ಕೇಬಲ್ ಚುಚ್ಚಿದೆ.
ಗಡಿಯಾರ ಬಾಕ್ಸಿನದು, ನಡಿಗಿ ಕರೇದರದು.
ಢವಳಿಯವರ ನಾಕನೇ ಮಗ್ಗದ ಸಪ್ಪಳ ಫೋನಿನಾಗ ತಂದಿದ್ದೆ,
ಕುಂಟತಿತ್ತು ಅದು, ಅದಕ್ಕಂತನ ತಂದಿದ್ದೆ.
ಕರೇದು ಕೇಳಿತು, ಅಳೀತು,
ಕುಂಟು ತಗದು ಒಗದುಬಿಟ್ಟಿತು.
ನಾ ಸ್ಪ್ಯಾನರ್ ಹಿಡದು ಅರ್ಧ ದಿನ ಮಾಡೋ ಕೆಲಸ, ಎರಡು ಸೆಕೆಂಡಿನಾಗ.
ಖುಷಿ ಆಗಬೇಕಿತ್ತು.
"ಛಲೋ ಐತಲ್ಲ," ಅಂದಳು ಶಶಿಕಲಾ, "ಪೆರೇಡಿನ ಗತೆ."

ಎರಡನೇ ರಾತ್ರಿ ಬೂದಿಯದರ ಹದಿಮೂರನೇ ಪ್ಯಾಡ್ ಒತ್ತಿದರ
ಯಾವುದೋ ಹುಡುಗಿ ಒಳಗ ಕುಂತಾಳ:
"ಹದಿನೇಳೊಂದ್ಲೆ ಹದಿನೇಳು
ಹದಿನೇಳೆರಡ್ಲೆ ಮೂವತ್ನಾಕು"
ಆರಕ್ಕ ನೂರಾ ಎರಡು, ಸರಿಯಾಗಿ ಹತ್ತಿದಳು.
"ಹದಿನೇಳೇಳ್ಲೆ ನೂರಾ… ನೂರಾ…"
ಅಲ್ಲಿಗೆ ನೆನಪು ಮುಗದಿತ್ತು.
ಯಂತ್ರದ್ದೋ, ಹುಡುಗೀದೋ.

ಜಿನಗೌಡಗ ಫೋನ್ ಹಚ್ಚಿದೆ.
"ಚಿಕ್ಕೋಡಿ ಕಡೆಯಿಂದ ಬಂದ ಮಾಲು, ಯಾರದೋ ಏನೋ.
ಅಳಸಿಬಿಡ್ರಿ."

ಅಳಸಲಿಲ್ಲ.
ಆಕೀ ಕಡೀ "ನೂರಾ" ಒಂದನ್ನ ಕಿವಿಲೆ ಅಳದು ಕತ್ತರಿಸಿ
ಹದಿನೇಳು ಮೆಟ್ಟಲ ಕೊಟ್ಟೆ.
ಬಾಕ್ಸಿಗೆ ಅದರ ಹದಿನಾರು ಇದ್ದ ಇದ್ದವು.
ಜೋಡಿ ಮಾಡಿ ಬಿಟ್ಟೆ, ನೂರಾ ಇಪ್ಪತ್ತರ ನಡಿಗಿಗೆ.
ಸುತ್ತಿಗೊಂದು ಹೆಜ್ಜಿ ಹಿಂದ ಬಿದ್ದಳು ಹುಡುಗಿ,
ಸಾಲಿಗೆ ಹೋಗೋ ದಾರ್ಯಾಗ ಬೇಕಂತ ಹಿಂದ ಉಳಿಯೋರಂಗ:
ಡಗ್ಗದ ಮುಂದ, ಡಗ್ಗದ ಬೆನ್ನಿಗೆ, ಡಗ್ಗ ಇಲ್ಲದ ಸಂದ್ಯಾಗ.
ಎಲ್ಲಾ ಸುತ್ತಿ
ಮೂವತ್ನಾಕನೇ ಸೆಕೆಂಡಿಗೆ ಬಂದು ಮತ್ತ ಕೈ ಹಿಡದಳು.
ಮೂವತ್ನಾಕು. ಆಕೀನ ಹೇಳಿದ್ದಳಲ್ಲ.

ಅಷ್ಟರಾಗ ಕರೆಂಟ್ ಹೋತು.
ಓಣಿ ತುಂಬ ಮಗ್ಗ ಒಂದಾದ ಮ್ಯಾಲೊಂದು ಕೈ ಬಿಟ್ಟವು,
ಬಾಕ್ಸ್ ಕಣ್ಣು ಮುಚ್ಚಿತು.
ಬೂದಿಯದರ ಒಂದ ಕೆಂಪು ದೀಪ.
ಕತ್ತಲಾಗ ಪ್ಯಾಡ್ ಒತ್ತಿದೆ:
ನೂರಾ…
ಮತ್ತ ಒತ್ತಿದೆ:
ನೂರಾ…

ಅಡಗಿಮನ್ಯಾಗಿಂದ ಶಶಿಕಲಾ,
ಕಡ್ಡಿಪೆಟ್ಟಿಗಿ ಹುಡಕ್ಕೋತನ:
"ಹತ್ತೊಂಬತ್ತು!"

ಒಂದು ಕಮ್ಮಿ.
ನಕ್ಕೆ. ಹಲ್ಲಿಗೆ ಹಳ್ಳು ಸಿಗಲಿಲ್ಲ.

ನಾಳೆ ಕರೇದನ್ನ ತಿರಗಿ ಕೊಟ್ಟು ಬರಬೇಕು.
ಹಂಗ ಬರೂಮುಂದ ಢವಳಿಯವರಲ್ಲಿ ನಾಕನೇ ಮಗ್ಗ;
ಅದನ್ನ ಮಾತ್ರ ಕುಂಟಾಕ ಬಿಡಾಕಾಗಂಗಿಲ್ಲ,
ಅದು ಸೀರಿ ನೇಯಬೇಕು.